ಮಾತು ಹಿಂದಿನ ಸಾಲಿಗೂ ಮುಟ್ಟಬೇಕು
(ಗೋರೆಗಾಂವಿನಲ್ಲಿ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಸಲದ ತಾಳಮದ್ದಳೆಯ ದಿನ ಹಿಂದಿನ ಸಾಲಿನ ಹಿರಿಯರು ಅರ್ಧದಲ್ಲೇ ಎದ್ದು ಹೋದದ್ದನ್ನು ನಾವೆಲ್ಲ ಕಂಡೆವು. “ಸದ್ದು ಕೇಳುತ್ತದೆ ಮಾರಾಯರೇ, ಮಾತು ಕೇಳುವುದಿಲ್ಲ” ಎಂದರು ಒಬ್ಬರು. ಅವರು 1982ರ ಮುಷ್ಕರದವರೆಗೆ ಪರೇಲಿನಲ್ಲಿ ಮಗ್ಗ ನಡೆಸಿದವರು. ನಾವು ಮಾಡಿದ್ದೇನು? ಧ್ವನಿವರ್ಧಕವನ್ನು ಇನ್ನಷ್ಟು ಏರಿಸಿದೆವು. ಈಗ ಇನ್ನೂ ದೊಡ್ಡದನ್ನು ಕೊಳ್ಳಲು ಚಂದಾ ಎತ್ತುವ ಮಾತೂ ನಡೆದಿದೆ. ಆ ಮೊದಲು ಒಂದೆರಡು ಸಂಗತಿಗಳನ್ನು ತಮ್ಮ ಮುಂದಿಡಬೇಕಾಗಿದೆ.

ಆಮೇಲಿನ ಭಾನುವಾರ, ಮಕ್ಕಳ ಓದಿಗೆಂದು ಮನೆಗೆ ತಂದ ಕಂಪ್ಯೂಟರನ್ನು ನಾವು ಬಾಡಿಗೆಗೆ ಹಿಡಿಯುವ ಸಭಾಗೃಹಕ್ಕೆ ಹೊತ್ತೊಯ್ದೆವು. ಅದರಲ್ಲಿ ‘ರೂಮ್ ಇಕ್ಯೂ ವಿಝರ್ಡ್’ ಎಂಬ, ಕಾಸು ಕೊಡದೆ ಸಿಗುವ ತಂತ್ರಾಂಶವಿದೆ. ಅದು ಗುಡುಗಿನಂಥ ತಗ್ಗು ಸ್ವರದಿಂದ ಸಿಳ್ಳಿನಂಥ ಮೇಲು ಸ್ವರದವರೆಗೆ ಒಂದೇ ಎಳೆಯಲ್ಲಿ ಕೂಗು ಹಾಕಿಸುತ್ತದೆ. ಮೈಕಿನಲ್ಲಿ ಮರಳಿ ಬಂದದ್ದನ್ನು ಲೆಕ್ಕ ಹಾಕಿ, ಸದ್ದು 60 ಡೆಸಿಬೆಲ್ ಇಳಿಯಲು ಎಷ್ಟು ಹೊತ್ತು ಬೇಕೆಂದು ಹೇಳುತ್ತದೆ. ಲೋಕಲ್ ಗಾಡಿ ಹಾದುಹೋಗುವಾಗಲೆಲ್ಲ ನಿಲ್ಲಿಸಿ, ಫ್ಯಾನು ಆರಿಸಿ, ಬೆವರು ಸುರಿಸಿಕೊಂಡು ಐದು ಸಲ ಅಳೆದೆವು. ಪ್ರತಿ ಸಲವೂ ಎರಡು ಸೆಕೆಂಡು ಮೀರಿತು. ಭಾಷಣದ ಸಭೆಗೆ ಒಂದು ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಹಿತ. ಎಂದರೆ ಅರ್ಥಧಾರಿಯ ಒಂದು ಮಾತಿನ ಬಾಲ ಅಡಗುವ ಮೊದಲೇ ಮೂರು ನಾಲ್ಕು ಮಾತು ಅದರ ಮೇಲೆ ಬೀಳುತ್ತವೆ. ಧ್ವನಿ ಏರಿಸಿದರೆ ಆ ಬಾಲವೂ ಏರುತ್ತದೆ!

ಗಿರಣಿಯಲ್ಲಿ ದುಡಿದ ಕಿವಿಗೆ ಇದು ಇಮ್ಮಡಿ ಕಷ್ಟ. ಯಂತ್ರದ ಗದ್ದಲ ಮೊದಲು ಕಸಿಯುವುದು ಸೆಕೆಂಡಿಗೆ ಸುಮಾರು 4000 ಕಂಪನದ ಆಸುಪಾಸಿನ ಸ್ವರಗಳನ್ನು. ಸ, ಶ, ತ ಮೊದಲಾದ ವ್ಯಂಜನಗಳ ಮೊನೆ ಇರುವುದು ಆ ಮೇಲು ಸ್ವರಗಳಲ್ಲೇ. ಆದುದರಿಂದ ಆ ಹಿರಿಯರು ಹೇಳಿದ್ದು ಅಕ್ಷರಶಃ ನಿಜ.

ಹಾಗಾದರೆ ಉಪಾಯವೇನು? 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಇದೇ ಗೋಳು. ವಾಲೆಸ್ ಸ್ಯಾಬಿನ್ ಎಂಬ ತರುಣ ಅಧ್ಯಾಪಕ ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು, ಆರ್ಗನ್ ಕೊಳವೆ ಊದಿಸಿ, ಬರಿಗಿವಿಯಿಂದ ಸದ್ದು ಅಡಗುವ ಹೊತ್ತನ್ನು ಎಣಿಸಿದ. ಮೆತ್ತೆ ಹೆಚ್ಚಿದಂತೆ ಅನುರಣನ ಇಳಿಯಿತು. ಕೋಣೆಯ ಘನ ಮೀಟರನ್ನು 0.16ರಿಂದ ಗುಣಿಸಿ, ಸದ್ದು ಹೀರುವ ಮೈಯ ಚದರ ಮೀಟರಿನಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ. ತೆರೆದ ಕಿಟಕಿ ಪೂರ್ಣ ಹೀರುತ್ತದೆ, ಗಿಲಾವಿನ ಗೋಡೆ ಬಹಳ ಕಡಿಮೆ, ದಪ್ಪ ಬಟ್ಟೆ ಸಾಕಷ್ಟು. ಕುಳಿತ ಮನುಷ್ಯನೂ ಹೀರುತ್ತಾನೆ. ಜನ ಕಡಿಮೆಯಾದ ದಿನವೇ ಮಾತು ಹೆಚ್ಚು ಕಲಸಿಹೋಗುವುದು ಅದಕ್ಕೇ.

ಯಂತ್ರವನ್ನೂ ಪೂರ್ತಿ ನಂಬಬೇಡಿ. ಕಂಪ್ಯೂಟರು ತೋರಿಸುವ ಡೆಸಿಬೆಲ್ ಅಂಕಿ, ಮೈಕನ್ನು ಪ್ರಮಾಣದ ಸದ್ದಿಗೆ ಹೊಂದಿಸದ ಹೊರತು ಸಾಕ್ಷಿಗೆ ನಿಲ್ಲದು. ಕಾರ್ಖಾನೆಯ ಗದ್ದಲದ ದೂರಿಗೆ ಅದನ್ನು ಹಿಡಿದುಕೊಂಡು ಹೋದರೆ ಮೇಲಿನವರು ನಕ್ಕಾರು. ಅನುರಣನ ಮಾತ್ರ ಬೇರೆ: ಅಲ್ಲಿ ಎಣಿಸುವುದು ಇಳಿತವನ್ನು, ಆದ್ದರಿಂದ ಸಾಧಾರಣ ಮೈಕೂ ನಡೆಯುತ್ತದೆ. ಗದ್ದಲ ಅಡಗಿಸುವ ಸೌಕರ್ಯವನ್ನು ಮಾತ್ರ ಆರಿಸಿಟ್ಟಿರಬೇಕು. ನಾವು ಮರೆತು ಮೊದಲ ಗಂಟೆ ಕಳೆದುಕೊಂಡೆವು.

ಚಂದಾದ ಮಾತು ಒಂದು ವಾರ ನಿಲ್ಲಲಿ. ಬರುವ ಭಾನುವಾರ ಮಧ್ಯಾಹ್ನ ಮನೆಗೊಂದು ಕೌದಿ ಅಥವಾ ದಪ್ಪ ಕಂಬಳಿ ತನ್ನಿ. ಹಿಂದಿನ ಗೋಡೆಗೆ ಹಗ್ಗ ಕಟ್ಟಿ ತೂಗುಹಾಕಿ ಮತ್ತೆ ಅಳೆಯೋಣ. ಎದ್ದುಹೋದ ಆ ಹಿರಿಯರನ್ನು ಕರೆತರುವ ಹೊಣೆ ನಮ್ಮದು.