ಡೇರಿ ಪಕ್ಕದ ಹೈಸ್ಕೂಲು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಓದಿದ್ದು ಎಸ್.ಎಸ್.ಎಲ್.ಸಿ., ಅದರಲ್ಲೂ ಗಣಿತ ಎರಡನೆಯ ಸಲಕ್ಕೆ ಪಾಸು. ಸಂಘದ 25 ವರ್ಷದ ಸಾಧನೆ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕಾರ್ಯದರ್ಶಿಗಳು ಚೀಟಿ ಕೊಟ್ಟಿದ್ದಾರೆ. ಅದನ್ನೆಲ್ಲ ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಆದ್ದರಿಂದ ನಮ್ಮ ಡೇರಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವ ಸರ್ಕಾರಿ ಪ್ರೌಢಶಾಲೆಯ ವಿಷಯ ಹೇಳುತ್ತೇನೆ. ಸ್ವಲ್ಪ ಕಹಿ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಆ ಶಾಲೆಯಲ್ಲಿ ಕೂತಿದ್ದಾಗ ಕಿಟಕಿಯಾಚೆ ರಾಗಿ ಹೊಲ, ಅದರಾಚೆ ನೀಲಗಿರಿ ತೋಪು. ಈಗ ನಮ್ಮ ಹೊಸಕೋಟೆ ಸೀಮೆ ಹೇಗಾಗಿದೆ ನಿಮಗೇ ಗೊತ್ತು. ಗೋದಾಮು, ಕಾರ್ಖಾನೆ, ಲೇಔಟು. ಹಳ್ಳಿ ಅನ್ನೋಕೂ ಆಗಲ್ಲ, ಪಟ್ಟಣ ಅನ್ನೋಕೂ ಆಗಲ್ಲ. ಬೆಂಗಳೂರು ನಮ್ಮ ಊರಿಗೆ ಬಂತು, ನಾವು ಬೆಂಗಳೂರಿಗೆ ಹೋಗಲಿಲ್ಲ. ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿದರೆ ಮಕ್ಕಳ ಸ್ವಂತ ಊರು ಯಾದಗಿರಿ, ರಾಯಚೂರು, ಕಲಬುರಗಿ. ಮನೇಲಿ ತೆಲುಗು ಆಡುವವರು, ಹಿಂದಿ ಆಡುವವರು. ಗಾರೆ ಕೆಲಸದವರ ಮಕ್ಕಳು, ಗೋದಾಮಿನ ಕಾವಲುಗಾರರ ಮಕ್ಕಳು. ನಮ್ಮ ಊರಿನ ಮಕ್ಕಳು ಬೆಳಿಗ್ಗೆ ಏಳೂವರೆಗೆ ಹಳದಿ ಬಸ್ಸು ಹತ್ತುತ್ತಾರೆ. ಅದರಲ್ಲಿ ನನ್ನ ಮಗನೂ ಒಬ್ಬ. ಮಗಳು ಈ ಶಾಲೆಯಲ್ಲೇ ಹತ್ತನೆಯದು ಮುಗಿಸಿದಳು, ಮಗನನ್ನು ಮಾತ್ರ ಇಂಗ್ಲಿಷ್ ಅಂತ ಬಸ್ಸಿಗೆ ಹತ್ತಿಸಿದೆ. ಆದ್ದರಿಂದ ಈ ಮಾತು ಆಡುವ ಯೋಗ್ಯತೆ ನನಗೆ ಅರ್ಧ ಮಾತ್ರ ಇದೆ.

ಸರ್ಕಾರ ಈ ಶಾಲೆಗೆ ಏನೂ ಮಾಡಿಲ್ಲ ಅಂದರೆ ನಾಲಿಗೆ ಬಿದ್ದುಹೋಗುತ್ತದೆ. ನಮ್ಮ ಕಾಲದಲ್ಲಿ ಹೈಸ್ಕೂಲಿನಲ್ಲಿ ಊಟ ಎಲ್ಲಿತ್ತು? ಅಕ್ಷರ ದಾಸೋಹ 2002ರಲ್ಲಿ ಸಣ್ಣ ತರಗತಿಗಳಿಗೆ ಶುರುವಾಗಿ 2007ರಲ್ಲಿ 8ರಿಂದ 10ನೇ ತರಗತಿವರೆಗೂ ಬಂತು. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ಬೇಡ ಅಂದವರಿಗೆ ಬಾಳೆಹಣ್ಣು. ಇನ್ನು ಹಾಲಿನ ವಿಷಯ ನಾವೇ ಹೇಳಬೇಕು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. ಮೊದಲು ವಾರಕ್ಕೆ ಮೂರು ದಿನ, 2017ರಿಂದ ಐದು ದಿನ. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಪುಡಿ, ಕದಡಿದರೆ 150 ಮಿಲಿ ಹಾಲು. ನಾವು ಬೆಳಿಗ್ಗೆ ಕರೆದ ಹಾಲು ಒಕ್ಕೂಟಕ್ಕೆ ಹೋಗಿ, ಮಾರಿ ಉಳಿದದ್ದು ಪುಡಿಯಾಗಿ, ಚೀಲದಲ್ಲಿ ನಮ್ಮ ಡೇರಿ ಪಕ್ಕದ ಶಾಲೆಗೇ ತಿರುಗಿ ಬರುತ್ತದೆ. ಹಾಲು ಹೆಚ್ಚಾದ ದಿನಗಳಲ್ಲಿ ನಮ್ಮ ದರ ಬೀಳದಂತೆ ಹಿಡಿದವರಲ್ಲಿ ಆ ಲೋಟ ಹಿಡಿದು ಸಾಲಾಗಿ ನಿಲ್ಲುವ ಮಕ್ಕಳೂ ಸೇರಿದ್ದಾರೆ. ಇದನ್ನು ನಾವು ಯಾವ ಮಹಾಸಭೆಯಲ್ಲೂ ಹೇಳಿಲ್ಲ.

ಸೈಕಲ್ಲಿನ ಕಥೆ ಬೇರೆ. 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡುವುದು ಶುರುವಾಯಿತು, ಕೊರೊನಾ ಬಂದ ಮೇಲೆ ನಿಂತೇ ಹೋಯಿತು. ಈಗ ಶೆಡ್ಡುಗಳಿಂದ ಬರುವ ಹೆಣ್ಣುಮಕ್ಕಳು ಲಾರಿ ನಡುವೆ ಹೆದ್ದಾರಿ ದಾಟಿ ನಡೆದು ಬರುತ್ತಾರೆ. ಸಂಜೆ ವಿಶೇಷ ತರಗತಿ ಇಟ್ಟರೆ ನಿಲ್ಲಲ್ಲ, ಕತ್ತಲಾಗುತ್ತೆ ಅಂತಾರೆ.

ಕಾಗದದ ಮೇಲೆ ಕಾರ್ಯಕ್ರಮಗಳು ಬೇಕಾದಷ್ಟಿವೆ. ಆದರೆ ಪ್ರತಿಯೊಂದರ ಹಿಂದೆ ಒಬ್ಬ ಓಡಾಡುವವನು ಬೇಕು. ಒಂದು ಉದಾಹರಣೆ ಹೇಳುತ್ತೇನೆ. ಎನ್.ಎಂ.ಎಂ.ಎಸ್. ಅಂತ ಕೇಂದ್ರದ ಒಂದು ವಿದ್ಯಾರ್ಥಿವೇತನ ಇದೆ. ಎಂಟನೇ ತರಗತಿಯಲ್ಲಿ ಪರೀಕ್ಷೆ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು. ಹಳದಿ ಬಸ್ಸಿನ ಶಾಲೆಯವರಿಗೆ ಇದು ಸಿಗುವುದಿಲ್ಲ, ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ಮಾತ್ರ. ಯಾದಗಿರಿ ಕಡೆಯ ಗಾರೆ ಕೆಲಸದವರ ಮಗಳೊಬ್ಬಳು ಇದಕ್ಕೆ ಆಯ್ಕೆಯಾದಳು. ಹೆಸರು ಹೇಳಲ್ಲ, ಮುಂದಿನ ಸಾಲಿನಲ್ಲೇ ಕೂತಿರಬಹುದು. ದುಡ್ಡು ಬರಲಿಲ್ಲ. ಆಧಾರಿನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಆದಾಯ ಪ್ರಮಾಣಪತ್ರ ಮಾಡಿಸಬೇಕೆಂದರೆ ರೇಷನ್ ಕಾರ್ಡು ಆ ಊರಿನದು. ಅಪ್ಪನಿಗೆ ಒಂದು ದಿನ ಕೆಲಸ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಮುಖ್ಯೋಪಾಧ್ಯಾಯರು ನನ್ನ ಹತ್ತಿರ ಹೇಳಿಕೊಂಡರು. ನಾನು ನಮ್ಮ ಕಾರ್ಯದರ್ಶಿಗೆ ಹೇಳಿದೆ. ಡೇರಿ ಕಂಪ್ಯೂಟರಿನ ಮುಂದೆ ಎರಡು ಮಧ್ಯಾಹ್ನ, ನಾಡಕಚೇರಿಗೆ ಒಂದು ಓಡಾಟ, ಯಾದಗಿರಿಗೆ ನಾಲ್ಕು ಫೋನು. ಅಷ್ಟೇ. ದುಡ್ಡು ಖಾತೆಗೆ ಬಿತ್ತು. ಆದರೆ ಇದನ್ನು ಪ್ರತಿವರ್ಷ ನವೀಕರಿಸಬೇಕು, ಮರೆತರೆ ನಿಂತುಹೋಗುತ್ತದೆ.

ಅದೇ ತರಗತಿಯ ಒಬ್ಬ ಹುಡುಗನ ವಿಷಯದಲ್ಲಿ ಹೀಗಾಗಲಿಲ್ಲ. ಲೆಕ್ಕದಲ್ಲಿ ಚುರುಕು. ಸಂಕ್ರಾಂತಿಗೆ ಊರಿಗೆ ಹೋದವರು ತಿರುಗಿ ಬಂದದ್ದು ಬೇರೆ ಸೈಟಿಗೆ. ಎಲ್ಲಿ ಅಂತ ಯಾರಿಗೂ ತಿಳಿಯದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಒಂಬತ್ತನೇ ತರಗತಿ ಬಿಟ್ಟು ಹೋದ ಹುಡುಗನ ಹಿಂದೆ ಕಾಯ್ದೆ ಹೋಗುವುದಿಲ್ಲ, ಮನುಷ್ಯರೇ ಹೋಗಬೇಕು. ನಾನು ಎರಡು ಭಾನುವಾರ ಹುಡುಕಿದೆ. ಆಮೇಲೆ ಟೊಮ್ಯಾಟೋ ಕೊಯ್ಲು ಬಂತು, ಬಿಟ್ಟೆ.

ಹೀಗೆ ಓಡಾಡುವುದಕ್ಕೇ ಶಾಲಾಭಿವೃದ್ಧಿ ಸಮಿತಿ ಇದೆಯಲ್ಲ ಅನ್ನಬಹುದು. ಇದೆ. ಅದರಲ್ಲಿ ಪೋಷಕರು ಇರಬೇಕು. ಮಗಳು ಓದುತ್ತಿದ್ದಾಗ ನಾನೂ ಇದ್ದೆ, ಆಕೆ ಹೋದ ಮೇಲೆ ನನ್ನದೂ ಮುಗಿಯಿತು. ಈಗಿರುವವರೆಲ್ಲ ಕೂಲಿಯವರು. ಸಭೆ ಕರೆಯುವುದು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಮೊಲ್ಡು ಹಾಕುವ ದಿನ ಮೇಸ್ತ್ರಿ ಬಿಡುತ್ತಾನೆಯೆ? ಮೇಷ್ಟ್ರು ಸಹಿಪುಸ್ತಕ ಹಿಡಿದು ಸಂಜೆ ಶೆಡ್ಡಿಗೆ ಹೋಗುತ್ತಾರೆ. ಅದಕ್ಕೆ ಸಭೆ ಅನ್ನೋಕಾಗುತ್ತಾ?

2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕ್ಯಾಮೆರಾ ಇಟ್ಟು ನೋಡಿದರು. 2023ರಲ್ಲಿ ರಾಜ್ಯದ ಫಲಿತಾಂಶ ನೂರಕ್ಕೆ 83.89 ಇದ್ದದ್ದು, ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. ಕ್ಯಾಮೆರಾ ಇಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಫ್ಯಾಟ್ ನೋಡದೆ ಹಾಲು ತಗೊಳ್ಳೋ ಡೇರಿ ಎಷ್ಟು ದಿನ ನಡೆದೀತು? ಆದರೆ ಅಳೆದರೆ ಸಾಲದು, ಹಸುವಿಗೆ ಮೇವೂ ಹಾಕಬೇಕು.

ಹೋದ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ನಾನು ಇದನ್ನು ಎತ್ತಿದಾಗ ಹಿರಿಯರೊಬ್ಬರು ಕೇಳಿದರು: ಸಂಘದ ದುಡ್ಡು ಸದಸ್ಯರದು, ಎಲ್ಲಿಂದಲೋ ಬಂದವರ ಮಕ್ಕಳಿಗೆ ಯಾಕೆ? ಅವರು ಕೇಳಿದ್ದು ತಪ್ಪಲ್ಲ, ಲೆಕ್ಕಪರಿಶೋಧನೆಯಲ್ಲಿ ನಾಳೆ ಉತ್ತರ ಕೊಡಬೇಕಾದವರು ನಾವೇ. ಆದರೆ ಆ ಶೆಡ್ಡುಗಳು ಇರುವುದು ಯಾರ ಜಮೀನಿನಲ್ಲಿ ಸ್ವಾಮಿ? ನಮ್ಮ ಸದಸ್ಯರದೇ. ನನ್ನವೂ ಆರು ಇವೆ. ಬಾಡಿಗೆ ತಿಂಗಳಿನ ಐದನೇ ತಾರೀಕು ತಪ್ಪಿಸದೆ ಎಣಿಸಿಕೊಳ್ಳುತ್ತೇವೆ. ಆಗ ಎಲ್ಲಿಂದ ಬಂದವರು ಅಂತ ಕೇಳಲ್ಲ.

ನಾನು ದೊಡ್ಡ ದುಡ್ಡು ಕೇಳುತ್ತಿಲ್ಲ. ಧರ್ಮನಿಧಿಯಿಂದ ಸಂಜೆ ತರಗತಿಯ ಮಕ್ಕಳನ್ನು ಶೆಡ್ಡಿಗೆ ಬಿಟ್ಟು ಬರಲು ಪರೀಕ್ಷೆಗೆ ಮುಂಚೆ ಮೂರು ತಿಂಗಳು ಒಂದು ಆಟೋ. ವಿದ್ಯಾರ್ಥಿವೇತನದ ಅರ್ಜಿಗೆ ವಾರಕ್ಕೆ ಒಂದು ಮಧ್ಯಾಹ್ನ ಡೇರಿ ಕಂಪ್ಯೂಟರು. ಸಮಿತಿ ಸಭೆ ಭಾನುವಾರ ಸಂಜೆ, ನಮ್ಮ ಮಹಡಿ ಮೇಲಿನ ಹಾಲಿನಲ್ಲಿ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಅಧ್ಯಕ್ಷರು ಮೊದಲ ಸಭೆಗೆ ಬೀಗದ ಕೈ ಕೊಟ್ಟಿದ್ದಾರೆ, ಉಳಿದದ್ದಕ್ಕೆ ನೀವು ಕೈ ಎತ್ತಬೇಕು. ಬರುವ ಭಾನುವಾರ ಸಂಜೆ ಹಾಲು ಹಾಕಿದ ಮೇಲೆ ಆರೂವರೆಗೆ ಬನ್ನಿ. ಶೆಡ್ಡು ಇರುವವರು ನಿಮ್ಮ ಬಾಡಿಗೆದಾರರನ್ನೂ ಕರೆತನ್ನಿ. ಟೀ ಖರ್ಚು ನನ್ನದು.