ಸಾಲದ ಪತ್ರ ಓದಬಲ್ಲ ಮಕ್ಕಳು



ಕುಣಿಗಲ್ ತಾಲ್ಲೂಕಿನ ಅಮೃತೂರು ಹೋಬಳಿಯ ರೈತ ಕುಟುಂಬಕ್ಕೆ ಹಣ ಬರುವುದು ರಾಗಿ ಮಾರಿದಾಗ, ತೆಂಗಿನಕಾಯಿ ಕಿತ್ತಾಗ, ಡೇರಿಯ ಬಟವಾಡೆಯಾದಾಗ. ಸಂಘದ ಸಾಲದ ಕಂತು ಮಾತ್ರ ವಾರವಾರವೂ ಬಾಗಿಲಿಗೆ ಬರುತ್ತದೆ. ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರದ ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

‘ನೂರಕ್ಕೆ ಮೂರು ರೂಪಾಯಿ ಬಡ್ಡಿ’ ಎಂಬುದು ಕೇಳಲು ಅಲ್ಪವೆನಿಸುತ್ತದೆ. ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇಕಡಾ 36. ಇನ್ನೊಂದು ಬಗೆಯ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದುದು. ಶೇಕಡಾ 12ರ ದರವೆಂದು ಹೇಳಿ 10,000 ರೂಪಾಯಿ ಕೊಟ್ಟು, ಪೂರ್ಣ ಅಸಲಿನ ಮೇಲೆ 1,200 ರೂಪಾಯಿ ಬಡ್ಡಿ ಸೇರಿಸಿ, 12 ಸಮ ಮಾಸಿಕ ಕಂತುಗಳಲ್ಲಿ ವಸೂಲು ಮಾಡಿದರೆ ನಿಜವಾದ ವಾರ್ಷಿಕ ದರ ಶೇಕಡಾ 21ನ್ನು ಮೀರುತ್ತದೆ. ಅಸಲು ತಿಂಗಳು ತಿಂಗಳೂ ಕರಗುತ್ತದೆ, ಬಡ್ಡಿ ಕರಗುವುದಿಲ್ಲ. ಪ್ರೌಢಶಾಲೆಯ ಬಾಲಕಿ ಇದನ್ನು ಗ್ರಹಿಸಬಲ್ಲಳು. ಆದರೆ ತಾಯಿ ಸಹಿ ಹಾಕುವ ಕಾಗದ ಅವಳ ಕೈಗೆ ಬರುವುದಿಲ್ಲ. ಗುಂಪಿನ ಒಬ್ಬರ ಕಂತು ತಪ್ಪಿದರೆ ಉಳಿದವರು ತುಂಬಬೇಕೆಂಬ ಹೊಣೆಯೂ ಅನೇಕ ವೇಳೆ ಸಹಿ ಬಿದ್ದ ಮೇಲೆಯೇ ತಿಳಿಯುತ್ತದೆ.

ಕಿರುಸಾಲ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ, ಪ್ರಾಣವನ್ನೇ ಕಳೆದುಕೊಂಡ ವರದಿಗಳು ಬಂದ ತರುವಾಯ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸವನ್ನು ಅದು ವಿಧಿಸಿತು. ಕಾನೂನು ಅಗತ್ಯವೇ, ಆದರೆ ಅದು ನೆರವಿಗೆ ಬರುವುದು ಸಂಕಟ ಒದಗಿದ ಮೇಲೆ. ಸಹಿಗೆ ಮುನ್ನ ನೆರವಾಗುವುದು ಮತ್ತೊಂದು: ಸಾಲದ ಒಟ್ಟು ವೆಚ್ಚ ಹಾಗೂ ವಾರ್ಷಿಕ ದರವನ್ನು ತಿಳಿಸುವ ವಿವರಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದನ್ನು ಕೇಳಿ ಪಡೆಯಲು ತಿಳಿದಿರಬೇಕು.

ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರ, ಗ್ರಾಹಕರ ರಕ್ಷಣೆಯ ಪಾಠಗಳು ಇವೆ. ಅವು ಪರೀಕ್ಷೆಯೊಂದಿಗೆ ಮುಗಿಯುತ್ತಿರುವುದೇ ಕೊರತೆ. ಗ್ರಂಥಾಲಯದ ಅರಿವು ಕೇಂದ್ರದಲ್ಲಿ ತಿಂಗಳಿಗೊಂದು ಸಂಜೆ ಇಂಥ ಲೆಕ್ಕಕ್ಕೆ ಮೀಸಲಾಗಲಿ. ಸಮೀಪದ ಬ್ಯಾಂಕ್ ಶಾಖೆಯವರನ್ನು ಕರೆಸಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಪಂಚಾಯಿತಿಯದೇ ಆಯವ್ಯಯವನ್ನು ಮುಂದಿಡಬಹುದು: ಮನೆ ಕಂದಾಯದ ಬೇಡಿಕೆ ಎಷ್ಟು, ವಸೂಲಾದುದೆಷ್ಟು, ಕುಡಿಯುವ ನೀರಿನ ಪಂಪಿನ ವಿದ್ಯುತ್ ಬಿಲ್ ಎಷ್ಟು. ಸದಸ್ಯರಿಗೆ ಮುಜುಗರ ತರುವ ಪ್ರಶ್ನೆಗಳೂ ಏಳಬಹುದು, ಏಳಲಿ.

ಒಂದು ಎಚ್ಚರಿಕೆ ಅಗತ್ಯ. ಪಾಠಕ್ಕೆ ಬಳಸುವ ಸಾಲದ ಪತ್ರ ಖಾಲಿ ನಮೂನೆಯಾಗಿರಬೇಕು. ಊರಿನ ಯಾವ ಮನೆಯ ಸಾಲವೂ ಅಲ್ಲಿ ಉದಾಹರಣೆಯಾಗಕೂಡದು. ಆ ಮನೆಯ ಮಗುವೂ ಅದೇ ಸಾಲಿನಲ್ಲಿ ಕುಳಿತಿರುತ್ತದೆ.