ಸಾಲದ ಲೆಕ್ಕ, ನಮ್ಮ ಹೊಣೆ
(ಕಾಮಗೆರೆಯಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)



ಬಿಗ್ ಬಜಾರ್ ಹೆಸರು ನಿಮಗೆಲ್ಲ ಗೊತ್ತು. 2001ರಲ್ಲಿ ಕಿಶೋರ್ ಬಿಯಾನಿ ಆರಂಭಿಸಿದ ಈ ಮಳಿಗೆ ಬೆಂಗಳೂರೂ ಸೇರಿ ದೇಶದ ಉದ್ದಗಲಕ್ಕೂ ಹರಡಿತು. ಗಿರಾಕಿಗಳಿಗೆ ಕೊರತೆ ಇರಲಿಲ್ಲ. ಆದರೆ ಆ ಬೆಳವಣಿಗೆ ನಿಂತಿದ್ದು ಸಾಲದ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ವ್ಯಾಪಾರ ನಿಂತಿತು, ಬಡ್ಡಿ ನಿಲ್ಲಲಿಲ್ಲ. ರಿಲಯನ್ಸ್‌ಗೆ ಮಾರುವ ಒಪ್ಪಂದ ಅಮೆಜಾನ್‌ನ ತಕರಾರಿನಿಂದ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. 2022ರಲ್ಲಿ ಬಾಡಿಗೆ ಬಾಕಿ ಉಳಿದು ಸಮೂಹದ ನೂರಾರು ಮಳಿಗೆಗಳು ರಿಲಯನ್ಸ್ ಪಾಲಾದವು. ಅದೇ ವರ್ಷ ಕಂಪೆನಿಯ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು.

ಇದು ದೊಡ್ಡವರ ಕಥೆ ಎಂದು ಸುಮ್ಮನಿರಬೇಡಿ. ನಮ್ಮೂರಿನ ದಿನಸಿ ಅಂಗಡಿಗೂ ಇದೇ ಲೆಕ್ಕ. ಬಡ್ಡಿ ಹಣದಿಂದ ಅಂಗಡಿ ಹಿಗ್ಗಿಸಿದರೆ, ಎರಡು ತಿಂಗಳು ವ್ಯಾಪಾರ ಬಿದ್ದರೂ ಮನೆಯೇ ಬೀಳುತ್ತದೆ. ಉದ್ರಿ ಬರೆಸಿ ತಿಂಗಳುಗಟ್ಟಲೆ ತೀರಿಸದ ಗಿರಾಕಿಯೂ ಅಂಗಡಿಯವರನ್ನು ಬಡ್ಡಿಯವರ ಬಾಗಿಲಿಗೆ ತಳ್ಳುತ್ತಾನೆ.

ಕುರ್‌ಆನಿನ ಅತಿ ದೀರ್ಘ ಸೂಕ್ತ (ಅಲ್ ಬಕರಾ: 282) ಇರುವುದು ಸಾಲವನ್ನು ಬರೆದಿಡುವ ಬಗ್ಗೆಯೇ. ಸಾಲ ಉಳಿಸಿ ತೀರಿಹೋದ ಒಬ್ಬರ ಜನಾಝಾ ನಮಾಝಿಗೆ ಪ್ರವಾದಿ(ಸ) ಮುಂದಾಗಲಿಲ್ಲ. ಅಬೂ ಖತಾದ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಮಾಝ್ ನಿರ್ವಹಿಸಿದರು.

ಆದ್ದರಿಂದ ಈ ವಾರವೇ ಅಂಗಡಿಗೆ ಹೋಗಿ ನಿಮ್ಮ ಉದ್ರಿ ಲೆಕ್ಕ ನೋಡಿ. ಇದ್ದಷ್ಟು ಕೊಡಿ, ಉಳಿದದ್ದಕ್ಕೆ ದಿನ ಹೇಳಿ. ಅಂಗಡಿಯವರೇ, ನಿಜವಾಗಿ ಕಷ್ಟದಲ್ಲಿರುವವರಿಗೆ ಕಾಲಾವಕಾಶ ಕೊಡಿ. ಅದೂ ಕುರ್‌ಆನಿನ ಆದೇಶವೇ.

ಅಲ್ಲಾಹನು ನಮ್ಮನ್ನು ಸಾಲದ ಭಾರದಿಂದ ಕಾಪಾಡಲಿ. ಆಮೀನ್.